ಕೈ ಎಟುಕದ ಜಾಗ

"ಕಜ್ಜಿ ನಾಯಿ ಕಣೋ ನೀನು! ಮೈ ಉಜ್ಜಿದ ಕಡೆಯೆಲ್ಲ ಅಂಟಿಸಿ ಬರ್ತೀಯ!"

ಭಾವ ಈ ಮಾತು ಆಡಿದ್ದು ಒಂಬತ್ತು ಜನರ ಮುಂದೆ, ಊಟದ ಹೊತ್ತಿನಲ್ಲಿ. ಮೂರು ಮಹಡಿಯ ಕಚೇರಿ ಕಟ್ಟಡವೊಂದಕ್ಕೆ ನಾವು ಬಣ್ಣ ಹೊಡೆಯುತ್ತಿದ್ದೆವು. ಕೆಳಗಿನ ದೊಡ್ಡ ಹಜಾರದಲ್ಲಿ ಖಾಲಿ ಡಬ್ಬಗಳನ್ನು ಬೋರಲು ಹಾಕಿ ಕೂತು ಎಲ್ಲರೂ ಬುತ್ತಿ ಬಿಚ್ಚಿದ್ದರು. ಭಾವ ಅಂದರೆ ನನ್ನ ಹೆಂಡತಿಯ ಅಣ್ಣ. ಕೆಲಸದಲ್ಲಿ ನಮಗೆಲ್ಲ ಮೇಸ್ತ್ರಿ. ಹಾಗಾಗಿ ಅವನ ಬೈಗುಳ ನನಗೆ ಯಾವಾಗಲೂ ಎರಡು ಪಾಲು.

"ನನ್ನ ತಂಗಿ ಮೈ ಹೇಗಿತ್ತು ಗೊತ್ತೇನ್ರೋ?" ಅಂತ ಅವನು ಉಳಿದವರ ಕಡೆ ತಿರುಗಿದ. "ಇಸ್ತ್ರಿ ಹಾಕಿದ ಬಟ್ಟೆ ಥರ ಇತ್ತು. ನಿನ್ನೆ ನೋಡಿ ಬಂದೆ. ಬೆಕ್ಕಿನ ಜೊತೆ ಕುಸ್ತಿ ಆಡಿದವಳ ಥರ ಆಗಿದಾಳೆ. ಈ ಮಹಾನುಭಾವ ಕಂಡಕಂಡ ಕೊಳಕು ಗೋಡೆ ಕೆರೆದು, ಅದೇ ಕೈಯಲ್ಲಿ ಮನೆಗೆ ಹೋಗ್ತಾನೆ. ಇನ್ನು ಹೊಟ್ಟೇಲಿರೋ ಮಗೂಗೂ ಅಂಟಿಸಿದರೆ ಮುಗೀತು ಕಥೆ. ಏಳನೇ ಕ್ಲಾಸು ದಾಟದ ತಲೆಗೆ ತಂಗೀನ ಕೊಟ್ಟೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ!"

ಒಬ್ಬ ನಕ್ಕ. ಇನ್ನಿಬ್ಬರು ಬಾಯಲ್ಲಿದ್ದ ತುತ್ತು ಮರೆತು ನನ್ನ ಮುಖ ನೋಡಿದರು. ಕೆಲಸದ ಜಾಗದಲ್ಲಿ ನನ್ನನ್ನು ಕರೆಯುವುದು ಸೀಮೆಣ್ಣೆ ಅಂತ. ಕಡ್ಡಿ ಗೀರಿದವನ ಕೈ ಸುಡದೆ ಬಿಟ್ಟವನಲ್ಲ ನಾನು. ಶಾಲೆ ತಪ್ಪಿದ್ದೂ ಹಾಗೆಯೇ. "ನಿನ್ನ ತಲೆಯಲ್ಲಿರೋದು ಬರೀ ಮಣ್ಣು" ಅಂದರು ಮೇಷ್ಟ್ರು. "ನೀವೇ ತುಂಬಿದ್ದು ಸಾರ್" ಅಂದೆ. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು.

ಈಗಲೂ ಉತ್ತರ ಕೊಟ್ಟೆ. "ತಂಗಿ ಮೇಲೆ ಅಷ್ಟು ಪ್ರೀತಿ ಇದ್ದರೆ ಒಂದು ಜೊತೆ ಕೈಗವಸು ಕೊಡಿಸಿ ಭಾವ. ಮೂರು ವರ್ಷದಿಂದ ಬಾಯಿ ಬಡ್ಕೊಳ್ತಿದೀನಿ" ಅಂದು ಎದ್ದು, ಕೂತಿದ್ದ ಡಬ್ಬವನ್ನು ಒದ್ದೆ. ಅದು ಉರುಳಿಕೊಂಡು ಹೋಗಿ ಗೋಡೆಗೆ ಬಡಿಯಿತು. ಸೀಮೆಣ್ಣೆಯಿಂದ ಜನ ಇನ್ನೂ ದೊಡ್ಡ ಉರಿ ಕಾದಿದ್ದರು. ಆದರೆ ನನ್ನ ಉತ್ತರದಲ್ಲಿ ದಮ್ಮಿರಲಿಲ್ಲ. ಯಾಕೆಂದರೆ ಭಾವ ಹೇಳಿದ್ದು ನಿಜವೇ ಇರಬಹುದು ಅಂತ ನನಗೇ ಒಳಗೊಳಗೆ ಅಂಜಿಕೆಯಿತ್ತು.

ನನ್ನ ಹೆಂಡತಿಗೆ ಎಂಟು ತಿಂಗಳು ತುಂಬುತ್ತಿತ್ತು. ಬಸುರು ನಿಂತಾಗಿನಿಂದ ಅವಳ ಮೈಮೇಲೆ ಏನೇನು ಬಂತೋ ಎಲ್ಲವನ್ನೂ ನಾನು ಹೆಮ್ಮೆಯಿಂದಲೇ ನೋಡಿಕೊಂಡು ಬಂದಿದ್ದೆ. ಕೆನ್ನೆಯ ಮೇಲೆ ಕಂದು ಮಚ್ಚೆ ಹರಡಿತು. ನಮ್ಮ ಜೊತೆಗಿದ್ದ ಅತ್ತೆ, ಅವಳ ಅಮ್ಮ, ಅಯ್ಯೋ ಅಂದರು, ನಾನು ಚೆನ್ನಾಗಿದೆ ಅಂದೆ. ಹೊಕ್ಕುಳ ಮೇಲಿಂದ ಕೆಳಗಿನವರೆಗೆ ಕಪ್ಪು ಗೆರೆಯೊಂದು ಇಳಿಯಿತು. ಬಣ್ಣದ ಪಟ್ಟಿ ಹೊಡೆಯುವ ಮುಂಚೆ ನಾವು ನೂಲಿಗೆ ಪುಡಿ ಹಚ್ಚಿ, ಬಿಗಿಯಾಗಿ ಹಿಡಿದು, ಒಂದೇ ಏಟಿಗೆ ಗೋಡೆಗೆ ಬಡಿದು ಗೆರೆ ಬೀಳಿಸುತ್ತೇವಲ್ಲ, ಹಾಗಿತ್ತು ಅದು. ಒಂದು ಕೂದಲಿನಷ್ಟೂ ಓರೆಯಿಲ್ಲ. "ಇಷ್ಟು ನೆಟ್ಟಗೆ ನಿಮ್ಮಣ್ಣನ ಕೈಲೂ ಆಗಲ್ಲ" ಅಂದಿದ್ದೆ. "ನಿನ್ನ ಕೈಲಿ ಆಗುತ್ತೇನು?" ಅಂದಿದ್ದಳು. ಅವಳೂ ಕಡಿಮೆಯವಳಲ್ಲ. ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್ ಕೂರಿಸುವ ಕೆಲಸ. ಅವಳು ಕೂರಿಸಿದ ಕಾಲರ್ ಹತ್ತು ಒಗೆತ ಕಂಡರೂ ಕಿವಿ ಮಡಿಚುವುದಿಲ್ಲ.

ಆಮೇಲೆ ತುರಿಕೆ ಶುರುವಾಯಿತು. ಮೊದಲು ಅಂಗಾಲು, ಆಮೇಲೆ ಅಂಗೈ, ಆಮೇಲೆ ಇಡೀ ಮೈ. ಹಗಲು ಹೇಗೋ ತಡೆದುಕೊಳ್ಳುತ್ತಿದ್ದಳು. ಕತ್ತಲಾದರೆ ನಿದ್ದೆಯೇ ಇಲ್ಲ. ತೋಳು, ತೊಡೆ, ಹೊಟ್ಟೆ ಎಲ್ಲ ಉಗುರಿನ ಗೀರು. ಔಷಧಿ ಅಂಗಡಿಯವನು ದೂರದಿಂದಲೇ ನೋಡಿ "ಕಜ್ಜಿ, ಮನೆಯವರೆಲ್ಲ ಹಚ್ಕೊಳ್ಳಿ" ಅಂತ ಬಿಳಿ ಲೋಷನ್ ಕೊಟ್ಟ. ಅತ್ತೆ, ನಾನು, ಅವಳು, ಮೂವರೂ ಕತ್ತಿನಿಂದ ಕಾಲಿನವರೆಗೆ ಬಳಿದುಕೊಂಡೆವು. ನನಗೆ ತುರಿಕೆಯಿರಲಿಲ್ಲ, ಅವಳ ಪಕ್ಕದಲ್ಲೇ ಮಲಗುವ ಅತ್ತೆಗೂ ಇರಲಿಲ್ಲ. ಆದರೂ ಬಳಿದುಕೊಂಡೆವು. ಅವಳಿಗೆ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ.

ನಾನು ಹೊರಗಿನ ಮೊಗಸಾಲೆಯಲ್ಲಿ ಮಲಗತೊಡಗಿದೆ. ಕೆಲಸದ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕಿದೆ. ಮನೆಗೆ ಬಂದವನು ಕೈಯನ್ನು ಸಾಬೂನಿನಿಂದ ಮೂರು ಸಲ ತಿಕ್ಕಿ ತೊಳೆಯುತ್ತಿದ್ದೆ. ಅವಳನ್ನು ಮುಟ್ಟುವುದನ್ನೇ ಬಿಟ್ಟೆ. ಬಣ್ಣವೋ, ತೆಳು ಮಾಡುವ ಎಣ್ಣೆಯೋ, ಹಳೆ ಗೋಡೆಯ ಬೂಷ್ಟೋ, ಏನೋ ನನ್ನ ಕೈಯಿಂದಲೇ ಹೋಗಿದೆ ಅಂತ ನಾನೇ ತೀರ್ಪು ಕೊಟ್ಟುಕೊಂಡಿದ್ದೆ. ಭಾವ ಒಂಬತ್ತು ಜನರ ಮುಂದೆ ಹೇಳಿದ್ದನ್ನು ನಾನು ಒಂಬತ್ತು ದಿನದಿಂದ ನನಗೇ ಹೇಳಿಕೊಳ್ಳುತ್ತಿದ್ದೆ. ಅದಕ್ಕೇ ಅಷ್ಟು ಉರಿದದ್ದು.

ಊಟ ಮುಗಿದ ಮೇಲೆ ಇನ್ನೊಂದು ಜಟಾಪಟಿ ನಡೆಯಿತು. ಹಜಾರದ ಹಿಂದಿನ ಗೋಡೆಯ ಮೇಲೆ ತಟ್ಟೆಯಗಲದ ಕಲೆಯಿತ್ತು. ಅದರಾಚೆ ಕೈತೊಳೆಯುವ ಕೋಣೆ. ಹಿಂದಿನ ವಾರ ನಾನು ಅದರ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದಿದ್ದೆ. ಇದು ನಮ್ಮ ಕೆಲಸದ ಒಂದು ಪದ್ಧತಿ. ಕಲೆ ಗೆರೆ ದಾಟದಿದ್ದರೆ ಅದು ಹಳೆಯದು, ಒಣಗಿದೆ, ಬಣ್ಣ ಹೊಡೆಯಬಹುದು. ದಾಟಿದರೆ ಗೋಡೆಯೊಳಗೆ ಎಲ್ಲೋ ನೀರು ಜಿನುಗುತ್ತಿದೆ. ಮೊದಲು ಅದನ್ನು ಹುಡುಕಬೇಕು. ಈಗ ಅದು ಗೆರೆ ದಾಟಿ ಎರಡು ಬೆರಳು ಆಚೆ ಹೋಗಿತ್ತು.

"ಪುಟ್ಟಿ ತುಂಬು, ಉಜ್ಜು, ಎರಡು ಕೋಟ್ ಹೊಡಿ" ಅಂದ ಭಾವ.

"ಒಳಗೆ ನೀರಿದೆ ಭಾವ. ನೀವೇ ಹೇಳ್ಕೊಟ್ಟಿದ್ದು."

"ಹೇಳ್ಕೊಟ್ಟಿದ್ದು ನಾನು, ಮುಚ್ಚು ಅಂತಿರೋದೂ ನಾನು. ಶುಕ್ರವಾರ ಅವರು ಮೇಜು ಕುರ್ಚಿ ತಂದು ಹಾಕ್ತಾರೆ. ಜಾಸ್ತಿ ಮಾತು ಬೇಡ."

ಅವನೇ ಹೇಳಿಕೊಟ್ಟಿದ್ದು, ಸುಳ್ಳಲ್ಲ. ಹದಿನೇಳನೇ ವಯಸ್ಸಿಗೆ ನಾನು ಅವನ ಹತ್ತಿರ ಕೆಲಸಕ್ಕೆ ಸೇರಿದಾಗ ಅವನು ಮೇಸ್ತ್ರಿಯಲ್ಲ, ಬರೀ ಒಳ್ಳೆಯ ಪೇಂಟರ್. ಮೊದಲ ದಿನ ಕುಂಚ ಕೊಡಲಿಲ್ಲ. ಒಂದು ಮೆಟ್ಟಿಲ ಗೋಡೆಯ ಮುಂದೆ ನಿಲ್ಲಿಸಿ "ಏನು ಕಾಣುತ್ತೆ?" ಅಂದ. "ಕೊಳೆ" ಅಂದೆ. "ಎಲ್ಲಿವರೆಗೆ?" ನೋಡಿದೆ. ಎದೆಯೆತ್ತರದವರೆಗೆ ಕಪ್ಪು, ಅದರ ಮೇಲೆ ಬೆಳ್ಳಗೆ. "ಜನರ ಕೈ ಎಟುಕೋ ಕಡೆ ಕೊಳೆ. ಎಟುಕದ ಕಡೆ ಗೋಡೆ ಹೊಸದರ ಥರ ಇದೆ. ಅಂದ್ರೆ ಇದು ಗೋಡೆ ಕಾಯಿಲೆ ಅಲ್ಲ, ಕೈ ಮಾಡಿದ ಕೆಲಸ. ಬಣ್ಣ ಹೊಡೆಯೋಕೆ ಮುಂಚೆ ಇದನ್ನ ನೋಡೋನು ಪೇಂಟರ್. ನೋಡದೆ ಹೊಡೆಯೋನು ಬಳಿಯೋನು" ಅಂದ. ಆ ಮಾತಿಗೆ ನಾನು ಬಿದ್ದುಹೋದೆ. ಆಮೇಲೆ ಅವನ ತಂಗಿಗೆ.

ಆ ಮಧ್ಯಾಹ್ನ ಪುಟ್ಟಿಯ ಬಿಳಿ ಹಿಟ್ಟು ಕಲಸಿ ತುಂಬಿದೆ. ನನ್ನ ಪೆನ್ಸಿಲ್ ಗೆರೆಯ ಮೇಲೆ ನಾನೇ ಬಳಿದೆ.

ಭಾನುವಾರ ಬೆಳಗ್ಗೆ ಮನೆಯಲ್ಲಿದ್ದ ನನ್ನ ಸಾಮಾನಿನ ಡಬ್ಬದಲ್ಲಿ ಮರ ಉಜ್ಜುವ ಉಪ್ಪುಕಾಗದ ಕಡಿಮೆಯಿತ್ತು. ಒರಟು ನಂಬರಿನದು. ಹುಡುಕಿದರೆ ಬಚ್ಚಲಲ್ಲಿ ಸಿಕ್ಕಿತು, ಒದ್ದೆಯಾಗಿ, ಮಡಿಸಿ ಕಿಟಕಿಯ ಸಂದಿನಲ್ಲಿ ಸಿಕ್ಕಿಸಿದ್ದು. ಅದರ ಮೇಲೆ ಕೆಂಪು.

"ಏನಿದು?"

ಅವಳು ಮಂಚದ ಅಂಚಿನಲ್ಲಿ ಕೂತು ಪಾದಗಳನ್ನು ಕೆಳಗೆ ಎಳೆದುಕೊಂಡಳು. "ಬಯ್ಯಬೇಡ. ಅಂಗಾಲಿಗೆ ಉಗುರು ಸಾಕಾಗಲ್ಲ."

ಬಯ್ಯಬೇಕು ಅಂತಲೇ ಬಾಯಿ ತೆರೆದಿದ್ದೆ. ಯಾರನ್ನು ಬಯ್ಯುವುದು? ಆ ಕಾಗದದಿಂದ ನಾನು ಬಾಗಿಲ ಹಳೆ ಬಣ್ಣ ಎಬ್ಬಿಸುತ್ತೇನೆ. ಅದರಿಂದ ಅವಳು ಪಾದ ಉಜ್ಜಿಕೊಂಡಿದ್ದಾಳೆ. ಹದಿನೈದು ದಿನದಲ್ಲಿ ಒಂದು ಸಲವೂ ಅತ್ತಿಲ್ಲ, ಒಂದು ದಿನವೂ ಕಾರ್ಖಾನೆಗೆ ರಜೆ ಹಾಕಿಲ್ಲ. ಕಾಲರ್ ಒಂದಕ್ಕೂ ರಕ್ತ ತಾಗದಿರಲಿ ಅಂತ ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೊಲಿದಿದ್ದಾಳೆ. ಅತ್ತೆ ಇದನ್ನು ಹೇಳಿದ್ದು ಆವತ್ತೇ.

"ಒಂದು ಉಪಕಾರ ಮಾಡು ಪೇಂಟರೇ" ಅಂದಳು. "ಲೋಷನ್ ಬೆನ್ನಿಗೆ ಹಚ್ಚು. ನಡುಬೆನ್ನಲ್ಲಿ ಜೀವ ಹೋಗ್ತಿದೆ. ಕೈ ಎಟುಕ್ತಿಲ್ಲ. ಅಮ್ಮನ ಕೈಲಿ ಹಚ್ಚಿಸ್ಕೊಂಡ್ರೆ ಅರ್ಧ ಗಂಟೆ ಉಪದೇಶ."

"ನಾನು ಮುಟ್ಟಿದ್ರೆ..."

"ಮುಟ್ಟಿದ್ದಕ್ಕೇ ಅಲ್ವಾ ಇಷ್ಟೆಲ್ಲ ಆಗಿದ್ದು" ಅಂತ ಹೊಟ್ಟೆ ತೋರಿಸಿ ನಕ್ಕಳು. "ಬಾ, ಇನ್ನೇನು ಅಂಟುತ್ತೋ ಅಂಟಲಿ."

ರವಿಕೆ ಸರಿಸಿ ಕಿಟಕಿಗೆ ಬೆನ್ನು ಮಾಡಿ ಕೂತಳು. ಲೋಷನ್ ಬಾಟಲಿ ಹಿಡಿದವನು ಹಾಗೆಯೇ ನಿಂತೆ. ಭುಜದ ಮೇಲೆ ಗೀರು. ಪಕ್ಕೆಗಳ ಮೇಲೆ ಗೀರು. ಸೊಂಟದ ಸುತ್ತ ಕೆಂಪು ಬರೆ. ಆದರೆ ಎರಡು ರೆಕ್ಕೆ ಮೂಳೆಗಳ ನಡುವೆ ಅಂಗೈ ಅಗಲದ ಜಾಗ ಹೊಸ ಗೋಡೆಯ ಹಾಗೆ ಇತ್ತು. ಒಂದು ಗೆರೆಯಿಲ್ಲ, ಒಂದು ಚುಕ್ಕೆಯಿಲ್ಲ.

"ಅಲ್ಲಾಡಬೇಡ" ಅಂದೆ.

ಟಾರ್ಚ್ ತಂದೆ. ಗೋಡೆ ನುಣುಪಾಗಿದೆಯೋ ಇಲ್ಲವೋ ನೋಡಲು ಎದುರಿನಿಂದ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ. ಗೋಡೆಗೆ ಒರಗಿಸಿದಂತೆ ಪಕ್ಕದಿಂದ ಬಿಡಬೇಕು. ಆಗ ಸಾಸಿವೆಯಷ್ಟು ಉಬ್ಬಿದ್ದರೂ ಅದರ ನೆರಳು ಉದ್ದಕ್ಕೆ ಬೀಳುತ್ತದೆ. ಅವಳ ಬೆನ್ನಿಗೆ ಟಾರ್ಚನ್ನು ಹಾಗೆ ಓರೆಯಾಗಿ ಹಿಡಿದೆ.

"ಏನು ಮಾಡ್ತಿದೀಯ? ಎರಡನೇ ಕೋಟ್ ಹೊಡೀತೀಯಾ?"

"ಇಲ್ಲಿ ತುರಿಸುತ್ತಾ?" ಬೆರಳಿಟ್ಟೆ.

"ಅಲ್ಲೇ! ಎಲ್ಲಕ್ಕಿಂತ ಜಾಸ್ತಿ ಅಲ್ಲೇ. ಅದಕ್ಕೇ ತಾನೆ ನಿನ್ನ ಕರೆದಿದ್ದು."

"ಇಲ್ಲಿ ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ?"

"ಗುಳ್ಳೆ ಇಲ್ಲ, ದದ್ದು ಇಲ್ಲ, ಏನೂ ಇಲ್ಲ. ಕನ್ನಡಿ ಥರ ಇದೆ."

ಅವಳ ಕೈ ಹಿಡಿದು ಹಿಂದಕ್ಕೆ ತಂದೆ. ಮೇಲಿಂದ ತಂದೆ, ಕೆಳಗಿನಿಂದ ತಂದೆ. ಅವಳ ಬೆರಳು ಎಲ್ಲಿ ನಿಂತಿತೋ ಗೀರು ಅಲ್ಲೇ ನಿಂತಿತ್ತು. ಮೆಟ್ಟಿಲ ಗೋಡೆ ಕಣ್ಣ ಮುಂದೆ ಬಂತು. ಇದು ಚರ್ಮದ ಕಾಯಿಲೆಯಲ್ಲ. ಕಜ್ಜಿಯಾಗಿದ್ದರೆ ಅದಕ್ಕೆ ಅವಳ ಕೈ ಎಟುಕುತ್ತದೋ ಇಲ್ಲವೋ ಅನ್ನುವ ಲೆಕ್ಕ ಯಾಕೆ? ಚರ್ಮದ ಮೇಲಿರುವುದಷ್ಟೂ ಉಗುರಿನ ಕೆಲಸ. ಹಾಗಾದರೆ ತುರಿಕೆ ಎಲ್ಲಿಂದ ಬರುತ್ತಿದೆ? ಒಳಗಿನಿಂದ. ಒಳಗೆ ಏನೋ ಜಿನುಗುತ್ತಿದೆ. ನಾವು ಮೂವರೂ ಹದಿನೈದು ದಿನದಿಂದ ಅದರ ಮೇಲೆ ಪುಟ್ಟಿ ಬಳಿಯುತ್ತಿದ್ದೇವೆ.

ಮೊದಲು ಬಂದದ್ದು ಸಂತೋಷ. ನನ್ನ ಕೈಯಿಂದ ಹೋದದ್ದಲ್ಲ! ಅದರ ಹಿಂದೆಯೇ ಹೆದರಿಕೆ ಬಂತು. ಒಳಗೆ ಅಂದರೆ ಅಲ್ಲಿ ಅವಳೊಬ್ಬಳೇ ಇಲ್ಲ.

ಸೋಮವಾರ ಕೆಲಸಕ್ಕೆ ಹೋಗಲಿಲ್ಲ. ಭಾವ ಫೋನ್ ಮಾಡಿ "ಬರದಿದ್ರೆ ಇನ್ನೊಬ್ಬನನ್ನ ಹಾಕ್ತೀನಿ" ಅಂದ. "ಹಾಕಿ" ಅಂದು ಇಟ್ಟೆ.

ಹೆರಿಗೆ ಆಸ್ಪತ್ರೆಯ ಸರತಿಯಲ್ಲಿ ನಮ್ಮ ಸಂಖ್ಯೆ ನಲವತ್ತೊಂದು. ಬೆಂಚಿನ ಪಕ್ಕದ ಗೋಡೆಗೆ ಹಸಿರು ಎಣ್ಣೆಬಣ್ಣ, ಕೆಳಗೆಲ್ಲ ಸಿಪ್ಪೆ ಎದ್ದಿತ್ತು. ಯಾವನೋ ಗೋಡೆ ಒಣಗುವ ಮುಂಚೆಯೇ ಹೊಡೆದಿದ್ದಾನೆ. ಡ್ಯೂಟಿ ಡಾಕ್ಟರಿಗೆ ನನ್ನಷ್ಟೇ ವಯಸ್ಸು. ನನಗಿಂತ ಹೆಚ್ಚು ನಿದ್ದೆಗೆಟ್ಟಿದ್ದ. ತಲೆಯೆತ್ತದೆ ಕೇಳಿಸಿಕೊಂಡು, "ಬಸುರಲ್ಲಿ ಚರ್ಮ ಹಿಗ್ಗುತ್ತೆ. ಹಿಗ್ಗಿದಾಗ ತುರಿಕೆ ಸಹಜ. ಎಣ್ಣೆ ಹಚ್ಚಿ. ಮುಂದಿನವರು" ಅಂದ.

"ಅಂಗೈಯೂ ಹಿಗ್ಗುತ್ತಾ ಡಾಕ್ಟ್ರೇ?" ಅಂದೆ.

ಆಗ ತಲೆಯೆತ್ತಿದ. "ಏನು?"

"ಅಂಗೈ. ಅಂಗಾಲು. ಮಗು ಹೊಟ್ಟೇಲಿದೆ, ಪಾದದಲ್ಲಿಲ್ಲ. ಶುರುವಾಗಿದ್ದು ಅಲ್ಲಿಂದ. ಮೈಮೇಲೆ ಇರೋದೆಲ್ಲ ಇವಳ ಉಗುರಿನ ಗೀರು. ಕೈ ಎಟುಕದ ಕಡೆ ಒಂದು ಕಲೆ ಇಲ್ಲ. ನಾನು ಟಾರ್ಚ್ ಹಾಕಿ ನೋಡಿದೀನಿ."

"ಟಾರ್ಚ್ ಹಾಕಿ ನೋಡಿದ್ರಾ. ಏನು ಓದಿದೀರಿ ನೀವು?"

"ಏಳನೇ ಕ್ಲಾಸು. ನೀವು ಬೆನ್ನು ನೋಡಿದ್ರಾ?"

"ಹೊರಗೆ ಹೋಗ್ತೀರಾ, ಸೆಕ್ಯೂರಿಟಿ ಕರೀಲಾ?"

"ಕರೀರಿ! ಅವನಾದ್ರೂ ನೋಡ್ಲಿ!"

ಅವಳು ನನ್ನ ಅಂಗಿಯ ತುದಿ ಎಳೆಯುತ್ತಿದ್ದಳು. ನನ್ನ ದನಿ ಸರತಿಯ ಕೊನೆಯವರೆಗೆ ಹೋಗಿರಬೇಕು. ಪರದೆ ಸರಿಸಿಕೊಂಡು ಒಳಗೆ ಬಂದವರು ವಾರ್ಡಿನ ಹಿರಿಯ ನರ್ಸ್. ಎಲ್ಲರೂ ದೊಡ್ಡ ಸಿಸ್ಟರ್ ಅನ್ನುತ್ತಿದ್ದರು. ಗಿಡ್ಡ ಹೆಂಗಸು, ಮೂಗಿನ ತುದಿಗೆ ಕನ್ನಡಕ.

"ಯಾರಪ್ಪ ಅದು ಮೈಕಾಸುರ?" ಅಂದರು. ನನ್ನ ಉತ್ತರಕ್ಕೆ ಕಾಯದೆ ಅವಳ ಅಂಗೈ ಹಿಡಿದು ತಿರುಗಿಸಿ ನೋಡಿದರು. "ಯಾವಾಗ ಜಾಸ್ತಿ ಮಗಳೇ?"

"ಕತ್ತಲಾದ ಮೇಲೆ."

"ಗೀರೋಕೆ ಮುಂಚೆ ಗುಳ್ಳೆ ಇತ್ತಾ?"

"ಇಲ್ಲ."

"ಮೂತ್ರದ ಬಣ್ಣ?"

ಅವಳು ನನ್ನ ಕಡೆ ನೋಡಿ ನಾಚಿದಳು. "ತೇಗದ ಪಾಲಿಶ್ ಥರ. ಬಿಸಿಲಿಗೆ ಅಂದ್ಕೊಂಡೆ."

ದೊಡ್ಡ ಸಿಸ್ಟರ್ ಮುಖದಿಂದ ತಮಾಷೆ ಹೋಯಿತು. "ಬೆನ್ನು ತೋರಿಸು."

ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಪರದೆಯಾಚೆ ಕತ್ತು ಹಾಕಿ ಇಬ್ಬರು ಕಲಿಯುವ ನರ್ಸ್ ಹುಡುಗಿಯರನ್ನು ಕರೆದರು. "ಬನ್ನಿ ಇಲ್ಲಿ. ಬಸುರಿ ತುರಿಕೆ ಅಂದ ತಕ್ಷಣ ಎಣ್ಣೆ ಅನ್ನಬಾರದು. ಹೊಟ್ಟೆಯ ಬಿರುಕುಗಳ ಮೇಲೆ ಕೆಂಪು ದದ್ದು ಬಂದ್ರೆ ಅದು ಬೇರೆ, ಕಾಟ ಕೊಟ್ಟು ಹೋಗುತ್ತೆ. ಹೊಕ್ಕುಳ ಸುತ್ತ ಶುರುವಾಗಿ ನೀರು ಗುಳ್ಳೆ ಎದ್ರೆ ಅದು ಬೇರೆ, ತಡ ಮಾಡದೆ ಡಾಕ್ಟ್ರಿಗೆ ತೋರಿಸ್ಬೇಕು. ಇಲ್ಲಿ ನೋಡಿ. ಕೈ ಎಟುಕದ ಕಡೆ ಚರ್ಮ ಚೊಕ್ಕ. ಅಂಗೈ ಅಂಗಾಲು ಉರಿ. ಅಂದ್ರೆ ಚರ್ಮ ಬರೀ ಹೇಳ್ತಿದೆ, ಕಾಯಿಲೆ ಅಲ್ಲಿಲ್ಲ. ಎಲ್ಲಿದೆ?"

ಡ್ಯೂಟಿ ಡಾಕ್ಟರೇ ಮೆಲ್ಲಗೆ ಹೇಳಿದ: "ಲಿವರ್. ಪಿತ್ತ ಹರಿದು ಹೋಗದೆ ರಕ್ತಕ್ಕೆ ಸೇರ್ತಿದೆ." ಅವನ ಕಿವಿ ಕೆಂಪಾಗಿತ್ತು. ಅವನೇ ಚೀಟಿ ಎಳೆದುಕೊಂಡು ರಕ್ತಪರೀಕ್ಷೆ ಬರೆದ. ಬರೆದದ್ದಕ್ಕೆ ಅವನ ಮೇಲಿನ ಸಿಟ್ಟು ಅರ್ಧ ಇಳಿಯಿತು.

"ಬೆನ್ನು ಮೊದಲು ನೋಡಿದ್ದು ಯಾರು?" ದೊಡ್ಡ ಸಿಸ್ಟರ್ ಕೇಳಿದರು.

"ನಾನು."

"ಏನು ಕೆಲಸ ನಿಂದು?"

"ಪೇಂಟರ್."

ಅವರು ಕನ್ನಡಕದ ಮೇಲಿಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಉಗುರಿನ ಸಂದಿಯಲ್ಲಿದ್ದ ಬಿಳಿ ಬಣ್ಣವನ್ನೂ ನೋಡಿದರು. ಆ ಹುಡುಗಿಯರ ಕಡೆ ತಿರುಗಿ, "ನೋಡ್ಕೊಳ್ರಮ್ಮ. ಇವರು ನೋಡಿದ್ದನ್ನ ನೀವು ಮೂರು ವರ್ಷ ಓದಿ ನೋಡಬೇಕು" ಅಂದರು. ನನ್ನ ಜೀವಮಾನದಲ್ಲಿ ಓದಿದವರ ಮುಂದೆ ನನ್ನನ್ನು ಯಾರಾದರೂ 'ಇವರು' ಅಂದದ್ದು ಅದೇ ಮೊದಲು. ಅವಳು ರವಿಕೆ ಸರಿಮಾಡಿಕೊಳ್ಳುತ್ತ, "ಇನ್ನು ಮನೇಲಿ ಇವನ ಜೊತೆ ಬಾಳೋದು ಹೇಗೆ ಸಿಸ್ಟರ್" ಅಂದಳು.

ಪರೀಕ್ಷೆಯ ಫಲ ಬರಲು ಎರಡು ದಿನ ಹಿಡಿಯಿತು. ರಕ್ತದಲ್ಲಿ ಹತ್ತರ ಆಸುಪಾಸು ಇರಬೇಕಾದ ಪಿತ್ತದ ಅಂಕಿ ನೂರಹನ್ನೆರಡು. ಈ ಸಲ ದೊಡ್ಡ ಡಾಕ್ಟರೇ ಕೂರಿಸಿಕೊಂಡು ಹೇಳಿದರು. ತಾಯಿಗೆ ಹೆರಿಗೆಯಾದ ಮೇಲೆ ತಾನಾಗಿ ಇಳಿಯುತ್ತದೆ, ಮಗುವಿಗೆ ಹಾಗಲ್ಲ. ದಿನ ತುಂಬಲಿ ಅಂತ ಕಾದರೆ ಒಂದು ಸೂಚನೆಯನ್ನೂ ಕೊಡದೆ ಮಗುವಿನ ಗುಂಡಿಗೆ ನಿಂತುಹೋಗಬಹುದು. ಎಲ್ಲರಿಗೂ ಹಾಗಾಗುವುದಿಲ್ಲ. ಆದರೆ ಈ ಅಂಕಿಗೆ ಅವರು ಕಾಯುವುದಿಲ್ಲ. ಮಾತ್ರೆ ಕೊಟ್ಟು, ಮೂವತ್ತಾರು ವಾರ ತುಂಬಿದ ದಿನವೇ ನೋವು ಬರಿಸುತ್ತಾರೆ. ಅಂದರೆ ಆರು ದಿನ.

ಅವಳನ್ನು ಆವತ್ತೇ ವಾರ್ಡಿಗೆ ಸೇರಿಸಿಕೊಂಡರು. ಆ ಆರು ದಿನ ನಾನು ಅಲ್ಲಿಂದ ಅಲ್ಲಾಡಲಿಲ್ಲ. ಅವಳ ಹೊಟ್ಟೆಗೆ ಪಟ್ಟಿ ಕಟ್ಟಿ ಯಂತ್ರ ಹಚ್ಚಿದಾಗಲೆಲ್ಲ ಮಗುವಿನ ಗುಂಡಿಗೆ ಕುದುರೆ ಓಡಿದಂತೆ ಕೇಳುತ್ತಿತ್ತು. ಯಂತ್ರ ತೆಗೆದ ಮೇಲೆ ನಾನು ಅವಳ ಪಕ್ಕ ಕೂತು ಒದೆತ ಎಣಿಸುತ್ತಿದ್ದೆ. ಎಂದೂ ಎದುರುತ್ತರ ಕೊಡದವನ ಹಾಗೆ ಕೂತಿದ್ದೆ. ತಣ್ಣೀರಿನಲ್ಲಿ ಬಟ್ಟೆ ಅದ್ದಿ ಅವಳ ಅಂಗಾಲಿಗೆ ಸುತ್ತುತ್ತಿದ್ದೆ. ಮುಟ್ಟುವುದಕ್ಕೆ ಹೆದರಿಕೆಯಿರಲಿಲ್ಲ.

ಭಾವ ಮೂರನೇ ದಿನ ಬಂದ. ಅತ್ತೆ ಎಲ್ಲವನ್ನೂ ಹೇಳಿದ್ದರು. ವಾರ್ಡಿನ ಬಾಗಿಲಲ್ಲಿ ನಿಂತು ತಂಗಿಯನ್ನು ನೋಡಿದ. ನನ್ನ ಕಡೆ ನೋಡಲಿಲ್ಲ. ಅವರಪ್ಪ ತೀರಿಕೊಂಡಾಗ ಅವಳಿಗೆ ನಾಲ್ಕು ವರ್ಷ, ಅವನಿಗೆ ಹದಿನಾರು. ಅವಳನ್ನು ಬೆನ್ನ ಮೇಲೆ ಹೊತ್ತು ಬೆಳೆಸಿದವನು. ಹೊರಗೆ ಹೋಗಿ ಆ ಸಿಪ್ಪೆ ಎದ್ದ ಹಸಿರು ಗೋಡೆಯ ಮುಂದೆ ಕಾಲು ಗಂಟೆ ನಿಂತಿದ್ದ. ಉಗುರಿನಿಂದ ಒಂದು ಸಿಪ್ಪೆ ಎಬ್ಬಿಸಿದ. ಹೋಗಿಬಿಟ್ಟ.

ಏಳನೇ ದಿನ ಹಗಲು ಹನ್ನೊಂದೂವರೆಗೆ ಮಗಳು ಬಂದಳು. ಎರಡು ಕಿಲೋ ಮುನ್ನೂರು. ಹುಟ್ಟಿದ ಕ್ಷಣಕ್ಕೇ ಇಡೀ ವಾರ್ಡಿಗೆ ಕೇಳುವಂತೆ ಕೂಗಿದಳು. "ಮೈಕಾಸುರನ ಮಗಳು" ಅಂದರು ದೊಡ್ಡ ಸಿಸ್ಟರ್. ಮೈಮೇಲೆಲ್ಲ ಬೆಣ್ಣೆಯಂಥ ಬಿಳಿ ಲೇಪ. "ಇದೇನು ಸಿಸ್ಟರ್?" ಅಂತ ಗಾಬರಿಯಿಂದ ಕೇಳಿದೆ. "ಚರ್ಮ ಕಾಯೋಕೆ. ಎಲ್ಲಾ ಮಕ್ಕಳಿಗೂ ಇರುತ್ತೆ, ಬೇಗ ಬಂದವರಿಗೆ ಜಾಸ್ತಿ." ಬಣ್ಣಕ್ಕೆ ಮುಂಚೆ ಹೊಡೆಯುವ ಬಿಳಿ ಪ್ರೈಮರನ್ನು ಒಳಗಿನಿಂದಲೇ ಹೊಡೆದು ಕಳಿಸಿದ್ದಾಳೆ ನನ್ನವಳು! ಅಷ್ಟು ಸಮನಾದ ಕೋಟ್ ನಾನು ಎಲ್ಲೂ ನೋಡಿಲ್ಲ. ಹೆರಿಗೆಯಾದ ಮೂರನೇ ರಾತ್ರಿಗೆ ಅವಳ ತುರಿಕೆ ನಿಂತಿತು. ಮಗಳು ಕೂಗಿದರೂ ಎಚ್ಚರವಾಗದ ಹಾಗೆ ಮಲಗಿದಳು. ಬೆಳಗ್ಗೆ ಎದ್ದು ತನ್ನ ಅಂಗೈಯನ್ನು ತಾನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಹೊಸದಾಗಿ ಹೊಲಿದ ಕಾಲರ್ ನೋಡುವ ಹಾಗೆ.

ನಾಲ್ಕನೇ ದಿನ, ಅಲ್ಲೇ ಬಿಟ್ಟುಬಂದಿದ್ದ ನನ್ನ ಕುಂಚದ ಚೀಲ ತರಲು ಆ ಕಚೇರಿ ಕಟ್ಟಡಕ್ಕೆ ಹೋದೆ. ಮೇಲಿನ ಮಹಡಿಗಳ ಕೆಲಸ ಇನ್ನೂ ನಡೆದಿತ್ತು. ಕೆಳಗಿನ ಹಜಾರದಲ್ಲಿ ಮೇಜು ಕುರ್ಚಿ ಬಂದಿದ್ದವು. ಊಟಕ್ಕೆ ಮುಂಚಿನ ಹೊತ್ತು, ಅದೇ ಒಂಬತ್ತು ಜನ ಅಲ್ಲಿ ಸೇರಿದ್ದರು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯ, ಎಲ್ಲರಿಗಿಂತ ಉದ್ದ, ಏಣಿ ಅನ್ನುತ್ತೇವೆ ಅವನನ್ನು, ದೂರದಿಂದಲೇ ಕೂಗಿದ: "ಬಂದ್ರಪ್ಪ, ಸೀಮೆಣ್ಣೆ ಡಾಕ್ಟ್ರು ಬಂದ್ರು! ನನ್ನ ಮಂಡಿ ಒಂಚೂರು ಟಾರ್ಚ್ ಹಾಕಿ ನೋಡಿ ಸಾರ್!" ಎಲ್ಲರೂ ನಕ್ಕರು. ಆ ನಗೆಯಲ್ಲಿ ಕೊಂಕಿರಲಿಲ್ಲ. ಇಬ್ಬರು ಎದ್ದು ಬೆನ್ನು ತಟ್ಟಿದರು. ಅವತ್ತು ನಕ್ಕವನೂ ಬಂದು ಕೈ ಕುಲುಕಿದ.

ಭಾವ ಹಿಂದಿನ ಗೋಡೆಗೆ ಒರಗಿ ನಿಂತಿದ್ದ. ಎರಡು ದಿನದ ಗಡ್ಡ. ಒಂದು ಕೈ ಜೇಬಿನಲ್ಲಿ.

"ಡಾಕ್ಟ್ರಂತೆ ಡಾಕ್ಟ್ರು!" ಅಂದ. ನಗು ನಿಂತಿತು. "ಯಾಕೆ ತಲೆ ಮೇಲೆ ಹೊತ್ಕೊಂಡು ಮೆರೆಸ್ತೀರೋ ಈ ದಡ್ಡನನ್ನ? ಕೈ ಎಟುಕೋ ಕಡೆ ಕೊಳೆ, ಎಟುಕದ ಕಡೆ ಚೊಕ್ಕ. ಇದನ್ನ ಇವನ ತಲೆಗೆ ತುಂಬಿದ್ದು ಯಾರು? ನಾನು! ಆ ಕಣ್ಣು ನಾನು ಕೊಟ್ಟಿದ್ದು. ಇಲ್ಲದಿದ್ರೆ ಏಳನೇ ಕ್ಲಾಸಿನ ಬಡ್ಡಿಮಗನಿಗೆ ಗೋಡೆ ಯಾವುದು ಬೆನ್ನು ಯಾವುದು ಅಂತ ಗೊತ್ತಾಗ್ತಿತ್ತಾ?"

ಒಂಬತ್ತು ಮುಖಗಳು ನನ್ನ ಕಡೆ ತಿರುಗಿದವು. ಕಡ್ಡಿ ಗೀರಿಯಾಗಿತ್ತು.

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಹುಡುಕುವ ಕೆಲಸವೂ ಇರಲಿಲ್ಲ, ಭಾವನ ಭುಜದ ಪಕ್ಕದಲ್ಲೇ ಇತ್ತು. ಎರಡು ಕೋಟ್ ಬಣ್ಣ, ಒಂದು ಕೋಟ್ ಪುಟ್ಟಿ ಎಲ್ಲವನ್ನೂ ಸೀಳಿಕೊಂಡು ಆ ಕಲೆ ಹೊರಗೆ ಬಂದಿತ್ತು. ತಟ್ಟೆಯಗಲವಿದ್ದದ್ದು ಈಗ ಬಾಗಿಲಗಲ. ಬಣ್ಣ ಹಪ್ಪಳದ ಹಾಗೆ ಉಬ್ಬಿ ನಿಂತಿತ್ತು. ಏಣಿ ಅದನ್ನು ನೋಡಿದ, ನನ್ನನ್ನು ನೋಡಿದ. ಎಲ್ಲರೂ ನೋಡಿದರು. ನಾನು ಒಂದು ಬೆರಳು ಎತ್ತಿದ್ದರೆ ಸಾಕಿತ್ತು. ಹತ್ತು ವರ್ಷ ಆ ಕಥೆ ಎಲ್ಲ ಕೆಲಸದ ಜಾಗಗಳಲ್ಲಿ ಓಡಾಡುತ್ತಿತ್ತು.

ಭಾವನ ಜೇಬಿನಿಂದ ಅಂಗಡಿಯ ಕಾಗದದ ಚೀಲವೊಂದು ಇಣುಕುತ್ತಿತ್ತು. ಅದರ ಬಾಯಿಂದ ಎಳೆಮಗುವಿನ ಉಣ್ಣೆಯ ಟೊಪ್ಪಿಗೆಯ ಹಳದಿ ಗೊಂಡೆ ಹೊರಗೆ ಬಂದಿತ್ತು. ನಿಂಬೆಹಣ್ಣಿನಷ್ಟು ಗಾತ್ರ.

ಗೋಡೆಯ ಗಡಿಯಾರ ಹನ್ನೆರಡಕ್ಕೆ ಹದಿನೈದು ನಿಮಿಷ ತೋರಿಸುತ್ತಿತ್ತು. ಹನ್ನೆರಡಕ್ಕೆ ಮಗಳನ್ನು ನನ್ನ ಎದೆಯ ಮೇಲೆ ಮಲಗಿಸುತ್ತಾರೆ, ಚರ್ಮಕ್ಕೆ ಚರ್ಮ ತಾಗುವ ಹಾಗೆ, ಅಂಗಿ ಬಿಚ್ಚಿ. ಬೇಗ ಬಂದ ಮಕ್ಕಳಿಗೆ ಅದು ಬೇಕು ಅಂತ ದೊಡ್ಡ ಸಿಸ್ಟರ್ ಹೇಳಿದ್ದಾರೆ. ಅದಕ್ಕೆ ಮುಂಚೆ ನಾನು ಮೊಣಕೈವರೆಗೆ ಕೈ ತೊಳೆಯಬೇಕು. ಮೂರು ಸಲ ಅಲ್ಲ, ಒಂದೇ ಸಲ, ಚೆನ್ನಾಗಿ.

ಮೂಲೆಯಲ್ಲಿದ್ದ ಚೀಲವನ್ನು ಹೆಗಲಿಗೆ ಹಾಕಿಕೊಂಡೆ.

"ಏನೋ?" ಭಾವನ ದನಿ ಏರಿತು. "ಬಾಯಿಗೆ ಪುಟ್ಟಿ ತುಂಬಿದಾರೇನೋ? ನಿನ್ನನ್ನೇ ಕೇಳ್ತಿರೋದು!"

ಒಂಬತ್ತು ಜನ ಸರಿದು ದಾರಿ ಬಿಟ್ಟರು. ನಾನು ಬಾಗಿಲು ದಾಟಿ ಬಿಸಿಲಿಗೆ ಇಳಿದು, ಬಿರಬಿರನೆ ಆಸ್ಪತ್ರೆಯ ಕಡೆ ನಡೆದೆ.